ಹಿಂದಿನ ಸೀಟಿನ ಬಿಸಿಗಾಳಿ

ಮಂಗಳವಾರ ಸಂಜೆ ಶೀತಲ್ ಫೋನು ಮಾಡಿದವಳೇ ಹೇಳಬೇಕಾದ್ದನ್ನು ಹೇಳಿದಳು. ಅವಳು ಡಾಕ್ಟರು, ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ.

"ಅವ್ವಂಗೆ ಎರಡನೇ ಸಲ ಆಂಟಿಬಯೋಟಿಕ್ ಕೊಟ್ಟ ಮೇಲೆ ಈಗ ಕೆಮ್ಮು ನಿಂತಿದೆ, ವಸುಧಾ. ಗುರುವಾರವೂ ನಿನ್ನ ವ್ಯಾನಿನ ಹಿಂದಿನ ಸೀಟು ಹೀಗೇ ತಣ್ಣಗಿದ್ರೆ, ಈಜಿನ ಕ್ಲಾಸು ಅಲ್ಲಿಗೆ ಮುಗೀತು."

ಅವಳ ಅವ್ವ ಶರಣವ್ವ ಗದಗಿನವರು, ಎಪ್ಪತ್ತೆರಡು ವರ್ಷ. ಪ್ರತಿ ಮಂಗಳವಾರ, ಗುರುವಾರ ಬೆಳಿಗ್ಗೆ ನಾನು ನಮ್ಮೂರು ಕ್ಯಾಂಪ್‌ಬೆಲ್‌ನಿಂದ ಐವರು ಹೆಂಗಸರನ್ನು ಮಿಲ್ಪಿಟಾಸಿನ ಈಜುಕೊಳಕ್ಕೆ ಕರೆದೊಯ್ಯುತ್ತೇನೆ. ಮೊದಲ ದಿನ ಮೆಟ್ಟಿಲ ಕಂಬಿ ಬಿಡದೆ ಅತ್ತಿದ್ದ ಶರಣವ್ವ ಈಗ ನಡುವೆ ನಿಲ್ಲದೆ ಕೊಳದ ಅಗಲ ದಾಟುತ್ತಾರೆ. ಮುಂದಿನ ಸೀಟು ಮೊಣಕಾಲು ಮಡಚಲಾಗದ ನಾಗವ್ವನದು. ಶರಣವ್ವನದು ಕೊನೆಯ ಸಾಲಿನ ಬಲಮೂಲೆ. ಬರುವಾಗ ಒದ್ದೆ ತಲೆ, ಜನವರಿಯ ಚಳಿ, ಫ್ರೀವೇಯಲ್ಲಿ ಅರ್ಧ ಗಂಟೆ.

ನಮ್ಮ ವ್ಯಾನಿನ ಹಿಂಭಾಗಕ್ಕೆ ಬೇರೆಯದೇ ಒಂದು ಸಣ್ಣ ಹೀಟರಿದೆ, ಕೊನೆಯ ಸಾಲಿನ ಬಲಗಡೆ ಗೋಡೆಯೊಳಗೆ. ಮುಂದೆ ಬಿಸಿ ಬರುತ್ತಿತ್ತು, ಹಿಂದೆ ಬರುತ್ತಿರಲಿಲ್ಲ. ಗ್ಯಾರೇಜಿನವರು ಹೀಟರಿನೊಳಗೆ ಬಿಸಿಗೋ ತಂಪಿಗೋ ಗಾಳಿಯ ದಾರಿ ಬದಲಿಸುವ ಬಾಗಿಲ ಪುಟ್ಟ ಮೋಟಾರು ಹೊಸದು ಹಾಕಿದರು. ಏನೂ ಆಗಲಿಲ್ಲ. ಇನ್ನು ಇಡೀ ಹೀಟರನ್ನೇ ಬದಲಿಸಬೇಕು, ತರಿಸಲು ಎರಡು ವಾರ ಎಂದರು.

"ಮಾರಿಬಿಡೋಣ ಕಣೇ," ಎಂದರು ನನ್ನ ಗಂಡ ಸುಜಯ್.

"ಗುರುವಾರದೊಳಗಾ?"

ಸದ್ದುಗಳಿಗೆ ಕಿವಿಗೊಡುವುದು ನನ್ನ ಸ್ವಭಾವ. ಫ್ರಿಜ್ಜು ಒಂದು ನಿಮಿಷ ಹೆಚ್ಚು ಗುನುಗಿದರೂ ಎದ್ದು ಹೋಗಿ ನೋಡುತ್ತೇನೆ. ಡಿಸೆಂಬರಿನಿಂದ ಈ ಹೀಟರಿನ ಸದ್ದನ್ನೂ ಬರೆದಿಟ್ಟಿದ್ದೆ: ತಂಪಿನಿಂದ ಬಿಸಿಗೆ ತಿರುಗಿಸಿದರೆ ಎರಡು ಸೆಕೆಂಡು ಮೌನ, ಆಮೇಲೆ ಟಕ್ ಟಕ್ ಟಕ್. ಬಿಸಿಯಿಂದ ತಂಪಿಗೆ ತಿರುಗಿಸಿದರೆ ಸದ್ದಿಲ್ಲ. ಮೋಟಾರು ಬದಲಾದ ಮೇಲೂ ಅದೇ ಎರಡು ಸೆಕೆಂಡು. ಅಂದರೆ ತಪ್ಪು ಮೋಟಾರಿನದಲ್ಲ. ಬಾಗಿಲು ಅರ್ಧ ದಾರಿಯಲ್ಲಿ ಯಾವುದಕ್ಕೋ ತಗುಲುತ್ತಿದೆ.

ಬುಧವಾರ ಬೆಳಿಗ್ಗೆ ಇಂಜಿನ್ನು ಕಾಯಿಸಿ, ಆರಿಸಿ, ಮನೆ ಮುಂದೆ ವ್ಯಾನಿನಡಿ ಮಲಗಿ ಕೈಗವಸು ಹಾಕಿಕೊಂಡು ಹೀಟರಿಗೆ ಹೋಗುವ ಕೊಳವೆ, ಬರುವ ಕೊಳವೆ ಎರಡನ್ನೂ ಮುಟ್ಟಿದೆ. ಎರಡೂ ಬಿಸಿ. ಬಿಸಿನೀರು ಒಳಗೆ ಹೋಗಿ ಬರುತ್ತಿದೆ, ಕಟ್ಟಿಕೊಂಡಿಲ್ಲ. ಹೀಟರು ಚೆನ್ನಾಗಿಯೇ ಇದೆ!

ಒಳಗೆ ಹತ್ತಿ ಪಕ್ಕದ ಹಲಗೆ ಬಿಚ್ಚಿದೆ. ಒಂದೊಂದು ಸ್ಕ್ರೂವನ್ನೂ ಮೊಟ್ಟೆಯ ಟ್ರೇಯ ಒಂದೊಂದು ಗುಳಿಯಲ್ಲಿಟ್ಟೆ. ಮೋಟಾರು ಕಳಚಿ ಬಾಗಿಲನ್ನು ಬೆರಳಿನಲ್ಲೇ ತಿರುಗಿಸಿ ನೋಡಿದೆ. ಅರ್ಧಕ್ಕೆ ಬಂದು ನಿಂತಿತು. ಗಟ್ಟಿಯಾದದ್ದೇನೋ ಇತ್ತು. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಹಳೆಯ ಕಾಲುಚೀಲ ಕಟ್ಟಿ ಗಾಳಿಯ ದಾರಿಯೊಳಗೆ ಇಳಿಬಿಟ್ಟೆ. ಟಪ್ಪೆಂದು ಅಂಟಿಕೊಂಡು ಮೇಲೆ ಬಂದದ್ದು ಒಂದು ಅಡಿಕೆ.

ಇಡೀ ಅಡಿಕೆ, ಕುಂಕುಮ ಇನ್ನೂ ಮಾಸಿರಲಿಲ್ಲ.

ಅಕ್ಟೋಬರಿನ ಆಯುಧಪೂಜೆ ನೆನಪಾಯಿತು. ಎಲ್ಲರೂ ಬಾನೆಟ್ಟಿಗೆ ಹೂವೇರಿಸುತ್ತಿದ್ದಾಗ ಶರಣವ್ವ ತಮ್ಮ ಮೂಲೆಗೇ ಹೋಗಿ, ಗಾಳಿಕಿಂಡಿಯ ಪಕ್ಕ ಎಲೆ ಅಡಿಕೆ ಇಟ್ಟು ಕೈಮುಗಿದಿದ್ದರು. ಆ ಕಿಂಡಿಯ ಜಾಲರಿ ಮುರಿದಿತ್ತು. ಆಗ ಇನ್ನೂ ಏಸಿ ಹಾಕುತ್ತಿದ್ದ ದಿನಗಳು, ಬಿಸಿ ಬೇಕಾದದ್ದೇ ಡಿಸೆಂಬರಿನಲ್ಲಿ.

ಬಾಗಿಲು ಈಗ ಕೊನೆಯತನಕ ತಿರುಗಿತು. ಮೋಟಾರು ಕೂರಿಸಿ ಇಂಜಿನ್ನು ಚಾಲು ಮಾಡಿದೆ. ಅಂಗೈಗೆ ಬೆಚ್ಚನೆ ಗಾಳಿ. ಹಲಗೆ ಎತ್ತಿಕೊಂಡವಳು ಹಾಗೇ ನಿಂತೆ.

ತಾಂಬೂಲಕ್ಕೆ ಒಂದೇ ಅಡಿಕೆ ಯಾರಿಡುತ್ತಾರೆ?

ಕೇಳಬೇಕಾದರೆ ವಿಷಯ ಹೇಳಲೇಬೇಕು. ಮಾತನ್ನು ಎರಡು ಸಲ ಮನಸ್ಸಿನಲ್ಲೇ ಜೋಡಿಸಿಕೊಂಡು ಶರಣವ್ವನಿಗೆ ಫೋನು ಮಾಡಿದೆ.

"ಅಮ್ಮಾ, ಆಯುಧಪೂಜೆ ದಿನ ನಿಮ್ಮ ಸೀಟಿನ ಹತ್ರ ಎಷ್ಟು ಅಡಿಕೆ ಇಟ್ಟಿದ್ರಿ?"

"ಎರಡು. ಒಂದ ಇಡ್ತಾರೇನ ಯಾರರ? ಯಾಕವಾ?"

"ಒಂದು ಸಿಕ್ಕಿತು. ಹೀಟರಿನೊಳಗೆ."

"ಅಂದ್ರ ನನ್ನ ಪೂಜಿನ ನನಗ ಥಂಡಿ ಹಚ್ಚಿತು?"

"ಜಾಲರಿ ಮುರಿದದ್ದು ನಂಗೆ ಗೊತ್ತಿತ್ತು ಅಮ್ಮಾ, ನಾನು ಹೊಸದು ಹಾಕಿಸಿರಲಿಲ್ಲ. ಉರುಳೋದನ್ನ ಬಿಟ್ಟು ಅಡಿಕೆ ಇನ್ನೇನು ಮಾಡುತ್ತೆ."

"ಶೀತಲ್‌ಗ ಹೇಳಬ್ಯಾಡ."

"ಕೇಳಿದ್ರೆ ಸುಳ್ಳು ಹೇಳಲ್ಲ."

"ಮತ್ತ, ಆಕಿ ಕೇಳಧಂಗ ರಿಪೇರಿ ಮಾಡು!" ಎಂದು ನಗತೊಡಗಿದರು.

ಎರಡನೆಯದು ಗಾಳಿಯ ದಾರಿಯ ಮೇಲಿನ ತಿರುವಿನಲ್ಲಿ, ಒಣಗಿದ ವೀಳ್ಯದೆಲೆಯ ಹಿಂದೆ ಕೂತಿತ್ತು. ರಸ್ತೆಯ ಉಬ್ಬೊಂದು ಹಾರಿಸಿದ್ದರೆ ಸಾಕು, ಕೆಳಗಿಳಿದು ಅದೇ ಬಾಗಿಲಿಗೆ ಸಿಕ್ಕುತ್ತಿತ್ತು. ಅದನ್ನೂ ತೆಗೆದು ಕಿಂಡಿಗೆ ಹೊಸ ಜಾಲರಿ ಹಾಕಿದೆ. ಮೊಟ್ಟೆಯ ಟ್ರೇಯಲ್ಲಿ ಒಂದು ಸ್ಕ್ರೂವೂ ಉಳಿಯಲಿಲ್ಲ.

ಗುರುವಾರ ಶೀತಲ್ ರಜೆ ಹಾಕಿ ನಮ್ಮ ಜೊತೆಗೇ ಬಂದಳು. ಈಜು ಮುಗಿದ ಮೇಲೆ ಅವ್ವನ ಮಗ್ಗುಲಲ್ಲೇ ಕೂತು ಕಿಂಡಿಗೆ ಅಂಗೈ ಹಿಡಿದಳು. ನಾನು ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತಿದ್ದೆ. ಫ್ರೀವೇ ಸೇರಿದರೂ ಕೈ ತೆಗೆದಿರಲಿಲ್ಲ.

"ವಸುಧಾ," ಹಿಂದಿನಿಂದ ಶರಣವ್ವನ ದನಿ ಬಂತು, "ಸ್ವಲ್ಪ ಕಡಿಮಿ ಮಾಡವಾ. ತಲಿ ಒಣಗಿ, ಈಗ ಬೆವರಾಕತ್ತೈತಿ."

ಶೀತಲ್ ಕೈ ಹಿಂತೆಗೆದಳು. "ಮಂಗಳವಾರ ಎಷ್ಟು ಗಂಟೆಗೆ ಬರ್ತೀಯಾ?"

"ಎಂಟೂವರೆಗೆ," ಎಂದು ಗುಂಡಿಯನ್ನು ತಂಪಿನ ಕಡೆಗೆ ಅರ್ಧ ತಿರುಗಿಸಿದೆ, ಮತ್ತೆ ಬಿಸಿಯ ಕಡೆಗೆ ಒಂದಿಷ್ಟು. ಕಿವಿಗೊಟ್ಟೆ. ಸದ್ದಿರಲಿಲ್ಲ.