ಮನೆ ನಂಬರ್ ಇನ್ನೂರ ಹದಿನೇಳು

ಕುಂಕುಮದ ಬಟ್ಟಲು ಹಿಡಿದ ದೊಡ್ಡಗಂಗಮ್ಮನ ಕೈ ಶ್ಯಾಮಲಮ್ಮನ ಹಣೆಯ ಹತ್ತಿರ ಬಂದು ಅಲ್ಲೇ ನಿಂತಿತು.

"ತಡೀರಮ್ಮ. ಇವಳ ಗಂಡ ಇದಾನೋ, ಇಲ್ವೋ?"

ಹೆಣಕ್ಕೆ ನೀರು ಹಾಕಿ, ಹಸಿರು ಸೀರೆ ಉಡಿಸಿ, ತಲೆ ಬಾಚುತ್ತಿದ್ದ ಹೆಂಗಸರು ಬಾಚಣಿಗೆ ಕೆಳಗಿಟ್ಟರು. ಸುನಂದಳ ಕೈಯಲ್ಲಿದ್ದ ಸೇವಂತಿಗೆ ದಂಡೆ ಕೈಯಲ್ಲೇ ಉಳಿಯಿತು. ಶ್ಯಾಮಲಮ್ಮನ ಅಂಗನವಾಡಿಯಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿಯಾಗಿದ್ದವಳು ಅವಳು. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದುದು ಅಲ್ಲಿ ಅವಳೊಬ್ಬಳಿಗೇ.

"ಬದುಕಿರೋವಾಗ ಇಟ್ಕೊಂಡೇ ಇದ್ರಲ್ಲ ಅಜ್ಜಿ," ಎಂದಳು ಪಕ್ಕದ ಮನೆಯ ಸೊಸೆ ಚಂದನ.

"ಬದುಕಿರೋವಾಗ ಅವಳಿಷ್ಟ. ಮಣ್ಣಿಗೆ ಇಡೋವಾಗ ಶಾಸ್ತ್ರ. ಆಂಜಿನಪ್ಪ ಬಿಟ್ಟೋಗಿ ಇಪ್ಪತ್ತೆರಡು ವರ್ಷ ಆಯ್ತು. ಹನ್ನೆರಡು ದಾಟಿದ್ರೆ ಸತ್ತ ಲೆಕ್ಕಾನೇ. ಇವಳಿಗಿಟ್ಟು ಮಿಕ್ಕಿದ ಕುಂಕುಮ ನಾವೂ ಇಟ್ಕೋಬೇಕು. ತಪ್ಪಾದ್ರೆ ಬೀದೀಲಿರೋ ಮುತ್ತೈದೇರಿಗೆಲ್ಲ ತಟ್ಟುತ್ತೆ. ಇಲ್ಲ ಅನ್ನೋದಾದ್ರೆ ಬಳೆ ತೆಗೀರಿ, ಬರೀ ವಿಭೂತಿ ಸಾಕು."

ದೊಡ್ಡಗಂಗಮ್ಮನಿಗೆ ಎಂಬತ್ತು ದಾಟಿತ್ತು. ಗಂಡ ಹೊರಗೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಇಷ್ಟು ವಯಸ್ಸಿಗೂ ಮುತ್ತೈದೆಯಾಗಿ ಉಳಿದವಳೆಂದು ಬೀದಿಯ ಯಾವ ಶಾಸ್ತ್ರವೂ ಅವಳ ಅಪ್ಪಣೆಯಿಲ್ಲದೆ ಅಲ್ಲಾಡುತ್ತಿರಲಿಲ್ಲ.

ಬಾಗಿಲಲ್ಲಿ ಉಮೇಶ್ ತಲೆ ಹಾಕಿದ. ಶ್ಯಾಮಲಮ್ಮನ ಅಣ್ಣನ ಮಗ; ಬೆಳಿಗ್ಗೆ ರಾಯಲ್ಪಾಡಿನಿಂದ ಬಂದವನು. ಮಕ್ಕಳಿಲ್ಲದ ಅತ್ತೆಯನ್ನು ಮಣ್ಣು ಮಾಡಬೇಕಾದವನು ಅವನೇ.

"ಪೊದ್ದೆಕ್ಕಿಂದಿ ಅವ್ವ, ಬಿಸಿಲೇರ್ತಾ ಇದೆ. ಗುಣಿ ತೋಡಿ ಆಯ್ತು. ಏನೋ ಒಂದು ತೀರ್ಮಾನ ಮಾಡಿ."

ಸುನಂದ ಹೆಣದ ಕೈ ನೋಡಿದಳು. ಎರಡೂ ಕೈಯಲ್ಲಿ ಆರಾರು ಹಸಿರು ಗಾಜಿನ ಬಳೆ.

*

ಮಾಲೂರಿನ ಹೊರಗಿನ ಕೆರೆಕೋಡಿ ಬಡಾವಣೆಯಲ್ಲಿ ಯಾರು ಯಾರು ಇದ್ದಾರೆಂದು ಶ್ಯಾಮಲಮ್ಮನಷ್ಟು ಸರಿಯಾಗಿ ಹೇಳುವವರಿರಲಿಲ್ಲ. ರಾಗಿ ಹೊಲ ಮಾರಿ ಒಂದು ಸೈಟು ಉಳಿಸಿಕೊಂಡ ಹಳಬರು, ಬೆಳಗಿನ ರೈಲು ಹಿಡಿಯುವ ಬಾಡಿಗೆಯವರು, ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಶ್ರೀನಿವಾಸಪುರದ ಕಡೆಯವರು, ಮಸೀದಿ ಪಕ್ಕದ ಎಂಟು ಮನೆ, ಒಡಿಶಾದಿಂದ ಇಟ್ಟಿಗೆ ಗೂಡಿಗೆ ಬಂದು ಮಳೆಗಾಲಕ್ಕೆ ಮುಂಚೆ ಹೊರಟುಬಿಡುವವರು. ಎಲ್ಲರೂ ಅವಳ ಸಮೀಕ್ಷೆ ರಿಜಿಸ್ಟರಿನಲ್ಲಿದ್ದರು.

ವರ್ಷಕ್ಕೊಮ್ಮೆ ಏಪ್ರಿಲ್ ಬಿಸಿಲಲ್ಲಿ ಅವಳೂ ಸುನಂದಳೂ ಮನೆ ಮನೆ ಸುತ್ತುತ್ತಿದ್ದರು. ಎಷ್ಟು ಜನ ಎಂದು ಶ್ಯಾಮಲಮ್ಮ ಕೇಳುತ್ತಲೇ ಇರಲಿಲ್ಲ. "ಊಟಕ್ಕೆ ಎಷ್ಟು ತಟ್ಟೆ ಇಡ್ತೀರಮ್ಮ?" ಎನ್ನುತ್ತಿದ್ದಳು. ಜನ ಎಂದರೆ ಮದುವೆಯಾಗಿ ಹೋದ ಮಗಳನ್ನೂ ಸೇರಿಸುತ್ತಾರೆ, ಮನೆ ಮಾಲೀಕನಿಗೆ ಹೆದರಿ ಹಾಸಿಗೆ ಹಿಡಿದ ಅತ್ತೆಯನ್ನು ಬಿಡುತ್ತಾರೆ. ತಟ್ಟೆ ಎಂದರೆ ಬಾಯಿ ತಪ್ಪಿ ನಿಜ ಬರುತ್ತದೆ.

ಸತ್ತವರ ಹೆಸರನ್ನು ಮಣ್ಣಾದ ದಿನವೇ ಕೆಂಪು ಇಂಕಿನಲ್ಲಿ ಹೊಡೆಯಬೇಕು, ಇದು ಅವಳ ಕಟ್ಟುನಿಟ್ಟು. ಒಮ್ಮೆ ಸುನಂದ ಒಂದು ವಾರ ತಡ ಮಾಡಿದ್ದಕ್ಕೆ, "ಸತ್ತವರಿಗೂ ತಟ್ಟೆ ಇಡ್ತೀಯೇನೇ?" ಎಂದು ಮಕ್ಕಳೆದುರೇ ಬೈದಿದ್ದಳು.

*

ಆಂಜಿನಪ್ಪನ ವಿಷಯದ ಫೋನು ಬಂದದ್ದು ಆರು ವರ್ಷದ ಹಿಂದೆ, ಮಕ್ಕಳು ಉಂಡು ಮಲಗಿದ್ದ ಮಧ್ಯಾಹ್ನ. ಪಲಮನೇರಿನಿಂದ ಯಾರೋ ತೆಲುಗಿನಲ್ಲಿ ಮಾತಾಡಿದರು. ಶ್ಯಾಮಲಮ್ಮ ಕೇಳಿದಳು, "ಸರೆ" ಎಂದಳು, ಫೋನು ಸೆರಗಿನಲ್ಲಿ ಒರೆಸಿ ಕಿಟಕಿಯ ಮೇಲಿಟ್ಟಳು.

"ಮೊನ್ನೆ ಹೋದ್ರಂತೆ. ಮಣ್ಣೂ ಆಯ್ತಂತೆ," ಎಂದು ಸುನಂದಳಿಗೆ ಹೇಳಿ, ತೂಕದ ಪಟ್ಟಿ ಎಳೆದುಕೊಂಡು ಕೂತಳು. ಅಳಲಿಲ್ಲ. ಆ ದಿನ ಮೂರು ಮಕ್ಕಳ ತೂಕ ಮಾತ್ರ ತಪ್ಪು ಬರೆದಳು.

ಏಪ್ರಿಲ್‌ನಲ್ಲಿ ಅವಳ ಮನೆಯ ಸರದಿ ಬಂದಾಗ ಸುನಂದ ಪೆನ್ನು ಹಿಡಿದು, "ಅಕ್ಕ, ಇನ್ನೂರ ಹದಿನೇಳಕ್ಕೆ ಒಂದು ಅಂತ ಬರೀಲಾ?" ಎಂದು ಕೇಳಿದ್ದಳು.

"ಎರಡು ಬರಿ."

"ಅಕ್ಕ..."

"ಎರಡು ಬರಿ ಕಣೇ. ಅವರು ಬಿಟ್ಟೋದಾಗ ನಮ್ಮನೆ ಬಾಗಿಲಿಗೆ ಒಂದು ನರಪಿಳ್ಳೆ ಬರ್ಲಿಲ್ಲ. ಈಗ ಸತ್ರು ಅಂತ ಗೊತ್ತಾದ್ರೆ ಬಳೆ ಒಡೆಯೋಕೆ ಬೀದಿಗೆ ಬೀದೀನೇ ಬರುತ್ತೆ. ನಾನು ಕೈ ನೀಡಲ್ಲ."

ಶ್ಯಾಮಲಮ್ಮ ತನ್ನ ರಿಜಿಸ್ಟರಿನಲ್ಲಿ ಬರೆಸಿದ ಸುಳ್ಳು ಅದೊಂದೇ. ಸುನಂದ ಬರೆದಳು. ಆಮೇಲೆ ಪ್ರತಿ ಏಪ್ರಿಲ್‌ನಲ್ಲೂ, ಕೇಳದೆಯೇ, ಬರೆಯುತ್ತ ಬಂದಳು.

*

"ಆ ರಿಜಿಸ್ಟರ್ ತಗೊಂಬಾ ಸುನಂದ," ಎಂದಳು ದೊಡ್ಡಗಂಗಮ್ಮ. "ಯಾರ ಮನೇದೂ ತಪ್ಪು ಬರೆದವಳಲ್ಲ ಇವಳು. ತನ್ನ ಮನೇದು ಏನು ಬರ್ದಿದಾಳೋ ಹಂಗೇ ಮಾಡೋಣ."

ಎಲ್ಲರಿಗೂ ಅದು ಸರಿಯೆನಿಸಿತು. ಅಂಗನವಾಡಿ ಎರಡು ಮನೆ ದಾಟಿದರೆ ಸಿಗುತ್ತದೆ. ಸುನಂದಳಿಗೆ ಮಾತ್ರ ಅಂದು ದೂರವಾಯಿತು. ದಾರಿಯುದ್ದಕ್ಕೂ ಜನ. ಗೂಡಿನ ಹೆಂಗಸರು ತಮಗೆ ಒಳಗೆ ಬರಬಹುದೋ ಇಲ್ಲವೋ ಎಂದು ತಿಳಿಯದೆ, ಚೆಂಡುಹೂವು ಹಿಡಿದು ಚರಂಡಿಯ ಆಚೆ ನಿಂತಿದ್ದರು. ಸುಳ್ಳು ಹೇಳಿದರೆ ಈ ಮುತ್ತೈದೆಯರ ಹಣೆಗೆ ಅದೇ ಕುಂಕುಮ. ಹೇಳದಿದ್ದರೆ ಆ ಹನ್ನೆರಡು ಬಳೆ ಉಳಿಯವು. ಸುನಂದಳಿಗೂ ಗಂಡನಿದ್ದ, ಬೆಳಗಿನ ರೈಲಿಗೆ ಹೋದವನು.

ಓದು ಬಾರದ ದೊಡ್ಡಗಂಗಮ್ಮನ ಮುಂದೆ ಅವಳು ಪುಟ ತೆರೆದು ಓದಿದಳು. "ಆಂಜಿನಪ್ಪ, ಯಜಮಾನ, ಅರವತ್ನಾಲ್ಕು, ಕೂಲಿ, ಊರಲ್ಲಿಲ್ಲ. ಶ್ಯಾಮಲಮ್ಮ, ಹೆಂಡತಿ, ಐವತ್ತೆಂಟು. ಒಟ್ಟು ಎರಡು."

"ಬರ್ದಿರೋದು ಕೇಳಿದ್ವಿ. ನೀನು ಜೊತೇಲಿದ್ದೋಳು, ನೀನು ಹೇಳು. ಇದಾನಾ?"

"ಇದಾರೆ."

ಮುದುಕಿ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಟ್ಟಲಿಗೆ ಬೆರಳದ್ದಿ, ಶ್ಯಾಮಲಮ್ಮನ ಹಣೆಗೆ ಕಾಸಗಲ ಕುಂಕುಮ ಇಟ್ಟಳು. ಮಿಕ್ಕಿದ್ದನ್ನು ಮೊದಲು ತನ್ನ ಹಣೆಗೆ ಇಟ್ಟುಕೊಂಡು, ಬಟ್ಟಲನ್ನು ಸುನಂದಳ ಕಡೆ ಚಾಚಿದಳು. ಸುನಂದ ಇಟ್ಟುಕೊಂಡಳು. ಒಂದಿಷ್ಟು ಮೂಗಿನ ಮೇಲೆ ಬಿತ್ತು. ದಂಡೆ ಮುಡಿಸಿದಳು, ಮಡಿಲಕ್ಕಿ ಕಟ್ಟಿದಳು. ಬಳೆ ಹಾಗೇ ಇದ್ದವು.

ಮಣ್ಣು ಮಾಡಿ ಬಂದು ತಲೆಗೆ ನೀರು ಹಾಕಿಕೊಂಡ ಮೇಲೆ ಅವಳು ಅಂಗನವಾಡಿಯ ಬಾಗಿಲು ತೆರೆದಳು. ಮಕ್ಕಳಿಗೆ ರಜೆ. ಕೆಂಪು ಪೆನ್ನು ಹುಡುಕಿ, ಮನೆ ನಂಬರ್ ಇನ್ನೂರ ಹದಿನೇಳರಲ್ಲಿ ಶ್ಯಾಮಲಮ್ಮನ ಹೆಸರಿನ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದಳು. ಮೇಲಿನ ಸಾಲಿನ ಹತ್ತಿರ ಸ್ಕೇಲು ಸರಿಸಿ, ತಡೆದು, ಎತ್ತಿಟ್ಟಳು.

ಎರಡು ಇದ್ದ ಕಡೆ ಒಂದು ಎಂದು ತಿದ್ದಿದಳು. ಆಮೇಲೆ, ಏಪ್ರಿಲ್‌ಗೆ ಕಾಯದೆ, ನೀಲಿ ಪೆನ್ನು ತೆಗೆದುಕೊಂಡು ಆಂಜಿನಪ್ಪನ ಅರವತ್ನಾಲ್ಕನ್ನು ಅರವತ್ತೈದು ಮಾಡಿದಳು.