ಮಗುವಿನ ಕೊರಳಿಗೆ ಕಟ್ಟಿದ ಟ್ಯಾಬು

ಕ್ರಿಸ್‌ಮಸ್ಸಿಗೆ ಊರಿಗೆ ಹೊರಡುವ ವಾರ ಬಂತೆಂದರೆ ಕಂಪಾಲಾದ ನಮ್ಮ ವಠಾರದ ತಾಯಂದಿರ ಮುಖದಲ್ಲಿ ಕಳೆ ಇರುವುದಿಲ್ಲ. ಮೊದಲು ಬಸ್ಸಿನಲ್ಲಿ ಸೀಟು ಸಿಗಬೇಕು. ಸಿಕ್ಕ ಮೇಲೆ ಉತ್ತರದ ಗುಲು ಪಟ್ಟಣ ಮುಟ್ಟುವ ತನಕ ಮಕ್ಕಳನ್ನು ಆ ಸೀಟಿನಲ್ಲಿ ಕೂರಿಸಬೇಕು. ಮಗು ಅತ್ತರೆ ಮುಂದಿನವರು ಕತ್ತು ತಿರುಗಿಸಿ ನೋಡುತ್ತಾರೆ, ಕುಣಿದರೆ ಹಿಂದಿನವರು ಗೊಣಗುತ್ತಾರೆ. ವರ್ಷವಿಡೀ ದುಡಿದ ತಾಯಿಗೆ ಅರೆಗಳಿಗೆ ಕಣ್ಣು ಮುಚ್ಚಿದರೆ ಸಾಕಾಗಿರುತ್ತದೆ. ಅದಕ್ಕೇ ಮಗುವಿನ ಕೈಗೊಂದು ಟ್ಯಾಬು ಕೊಡುತ್ತೇವೆ. ಕೊಡುವುದೇ ತಪ್ಪೆಂದು ಹೇಳಲು ಈ ಕಥೆ ಬರೆದಿಲ್ಲ. ಹಾಗೆ ಹೇಳುವವರು ಒಮ್ಮೆ ನಮ್ಮ ಬಸ್ಸಿನಲ್ಲಿ ಮಕ್ಕಳನ್ನು ಕರೆದುಕೊಂಡು ಬರಲಿ.

ನಮ್ಮ ವಠಾರದ ಲಾನ್ಯೆರೊ ಬಟ್ಟೆ ಹೊಲಿಯುವವಳು. ಗಂಡ ಒಜಾರ ಗಡಿಯಾಚೆಯ ಜೂಬಾಕ್ಕೆ ಲಾರಿ ಓಡಿಸುತ್ತಾನೆ. ಮಗಳು ಲಾಕಿಚಾಗೆ ಐದು ವರ್ಷ. ಟ್ಯಾಬು ಒಜಾರ ತಂದದ್ದು. ತಂದ ದಿನವೇ, "ಇದನ್ನ ಬೀಳಿಸಿದ್ರೆ ಅಮ್ಮ ಮಗಳು ಇಬ್ಬರನ್ನೂ ಹಳ್ಳೀಲೇ ಬಿಟ್ಟು ಬರ್ತೀನಿ ನೋಡಿ" ಎಂದು ನಗುತ್ತಲೇ ಹೇಳಿದ್ದ. ನಗುತ್ತಾ ಹೇಳಿದ ಮಾತೇ ಆದರೂ ಲಾನ್ಯೆರೊ ಮರೆತಿರಲಿಲ್ಲ. ಕಳೆದ ವರ್ಷ ವಠಾರದ ಒಂದು ಮಗು ಬಸ್ಸಿನಲ್ಲಿ ನಿದ್ದೆಹೋಗಿ, ಅದರ ಕೈಯಲ್ಲಿದ್ದ ಟ್ಯಾಬು ಕೆಳಗೆ ಬಿದ್ದು, ಯಾರದೋ ಕಾಲಡಿ ಸಿಕ್ಕಿ ಚೂರಾಗಿತ್ತು.

ಅದಕ್ಕೆ ಲಾನ್ಯೆರೊ ಒಂದು ಉಪಾಯ ಮಾಡಿದಳು. ಉಳಿದಿದ್ದ ಕಿಟೆಂಗೆ ಎಂಬ ಬಣ್ಣಬಣ್ಣದ ಅಚ್ಚಿನ ಬಟ್ಟೆಯಲ್ಲಿ ಟ್ಯಾಬಿನ ಅಳತೆಗೆ ಮೆತ್ತನೆಯ ಚೀಲ ಹೊಲಿದಳು. ಚಿತ್ರ ಕಾಣುವಂತೆ ಮುಂಭಾಗ ತೆರೆದಿಟ್ಟಳು. ಎರಡೂ ಮೂಲೆಗೆ ಗಟ್ಟಿ ಪಟ್ಟಿ ಸೇರಿಸಿದಳು. ಪಟ್ಟಿಯನ್ನು ಮಗುವಿನ ಕೊರಳಿಗೆ ಹಾಕಿದರೆ ಆಯಿತು, ನಿದ್ದೆ ಬಂದರೂ ಟ್ಯಾಬು ಬೀಳುವುದಿಲ್ಲ. ನೋಡಿದ ಹೆಂಗಸರೆಲ್ಲ "ನಂಗೂ ಒಂದು ಹೊಲಿದುಕೊಡೇ" ಎಂದು ಗಂಟುಬಿದ್ದರು. ಕೆಲವರಿಗೆ ಹೊಲಿದೂ ಕೊಟ್ಟಳು.

ಹೊರಡುವ ಹಿಂದಿನ ಸಂಜೆ ಎದುರು ಮನೆಯ ಒಯೆಲ್ಲಾ ಬಂದಳು. ಅವಳು ಆರೋಗ್ಯ ಕೇಂದ್ರದಲ್ಲಿ ನರ್ಸು. ಅವಳೂ ಅದೇ ಬಸ್ಸಿಗೆ ಹೊರಟಿದ್ದಳು.

"ಏನೇ ಇದು, ಆಡು ಕಟ್ಟೋ ಹಗ್ಗಾನಾ?"

"ಕಣ್ಣು ಹಾಕ್ಬೇಡ ಒಯೆಲ್ಲಕ್ಕಾ. ಎರಡೆರಡು ಹೊಲಿಗೆ ಹಾಕಿದ್ದೀನಿ. ಗೂಳಿ ಎಳೆದ್ರೂ ಹರಿಯಲ್ಲ."

"ಅದೇ ಕಣೇ ನಂಗೆ ಭಯ. ಹರಿಯದೇ ಇರೋದನ್ನ ಮಗು ಕೊರಳಿಗೆ ಯಾಕೆ ಹಾಕ್ತೀಯಾ?"

"ಮತ್ತೆ ನಿನ್ನ ಕೊರಳಿಗೆ ಹಾಕ್ಲಾ?"

ಒಯೆಲ್ಲಾ ನಕ್ಕಳು, ಆದರೆ ಚೀಲವನ್ನು ಕೈಯಿಂದ ಬಿಡಲಿಲ್ಲ. "ಚೀಲ ಚೆನ್ನಾಗಿದೆ. ಪಟ್ಟಿ ಕತ್ತರಿಸಿಬಿಡು. ಎಲ್ಲಾದ್ರೂ ಸಿಕ್ಕಿಕೊಂಡ್ರೆ, ಯಾರಾದ್ರೂ ಎಳೆದ್ರೆ, ಮೊದಲು ಬಿಗಿಯೋದು ಕೊರಳು."

"ಯಾರು ಎಳೀತಾರಕ್ಕಾ? ಪಕ್ಕದಲ್ಲಿ ನಾನು ಬಂಡೆ ಹಾಗೆ ಕೂತಿರ್ತೀನಲ್ಲ."

"ಕಿಟಕಿ ಹತ್ರ ಯಾರು ಕೂರೋದು?"

"ಅವಳೇ. ವಾಂತಿ ಮಾಡ್ತಾಳಲ್ಲ."

"ಓಡೋ ಬಸ್ಸಲ್ಲಿ ತಲೆ ಬಗ್ಗಿಸಿ ಅದನ್ನೇ ನೋಡ್ತಿದ್ರೆ ವಾಂತಿ ಇನ್ನೂ ಜಾಸ್ತಿ. ಆಗಾಗ ಅದನ್ನ ಇಸ್ಕೊಂಡು ಹೊರಗೆ ನೋಡಿಸ್ಬೇಕು."

"ಇಸ್ಕೊಂಡ್ರೆ ಅವಳು ಮಾಡೋ ರಂಪ ನೀನು ನೋಡಿಲ್ಲ. ಮಕ್ಕಳಿಲ್ಲದವರು ಹೇಳೋದು ಸುಲಭ ಬಿಡು."

ಒಯೆಲ್ಲಾ ಚೀಲವನ್ನು ಮಂಚದ ಮೇಲಿಟ್ಟು ಹೊರಟುಹೋದಳು. ಮಾತು ಚುಚ್ಚಿತೆಂದು ಲಾನ್ಯೆರೊಗೂ ತಿಳಿಯಿತು. ಆದರೆ ಮಡಚದ ಬಟ್ಟೆ, ತೊಳೆಯದ ಪಾತ್ರೆ, ಕಟ್ಟದ ಗಂಟು ಎಲ್ಲ ಹಾಗೇ ಬಿದ್ದಿದ್ದವು. ಹಿಂದೆ ಓಡಿಹೋಗಿ ಕರೆಯಲು ಅವಳಿಗೆ ಕಾಲು ಬರಲಿಲ್ಲ.

ಬೆಳಗ್ಗೆ ಬಸ್ಸು ಹೊರಟಿತು. ಒಯೆಲ್ಲಾಳ ಸೀಟು ಅವರ ಹಿಂದೆಯೇ ಇತ್ತು. ಲಾಕಿಚಾ ಕಿಟಕಿಯ ಪಕ್ಕ ಕೂತು, ಕೊರಳಲ್ಲಿ ಚೀಲ ತೂಗಿಸಿಕೊಂಡು, ಮೊಲದ ಹಾಡು ಹಾಕಿದಳು. ಮುಗಿದರೆ ಮತ್ತೆ ಅದೇ. ಮುಂದಿನ ಸೀಟಿನ ಮುದುಕರು ತಿರುಗಿದರು.

"ತಾಯೀ, ಆ ಮೊಲದ ಹಾಡು ನನಗೂ ಬಾಯಿಪಾಠ ಆಯ್ತು. ಒಂಚೂರು ಮೆಲ್ಲಗೆ ಮಾಡಮ್ಮಾ."

ಲುವೆರೊ ಪೇಟೆ ದಾಟಿದ ಮೇಲೆ ನೆಟ್‌ವರ್ಕ್ ಹೋಯಿತು. ಮೊಲ ಜಿಗಿಯುತ್ತಿದ್ದ ಹಾಗೇ ನಿಂತಿತು. ಲಾಕಿಚಾ ಬಾಯಿ ತೆರೆದು ಅಳತೊಡಗಿದಳು.

"ಮನೇಲೇ ಹಾಡು ಇಳಿಸಿಟ್ಕೊಂಡಿದ್ರೆ ನೆಟ್‌ವರ್ಕ್ ಇಲ್ಲದಿದ್ರೂ ನಡೀತಿತ್ತು" ಎಂದಳು ಹಿಂದಿನಿಂದ ಒಯೆಲ್ಲಾ. ಲಾನ್ಯೆರೊ ಬೆರಳಲ್ಲಿ ಬಣ್ಣ ತುಂಬುವ ಆಟವೊಂದನ್ನು ಹುಡುಕಿಕೊಟ್ಟಳು. ಅಳು ನಿಂತಿತು. ತಾಯಿಯ ಕಣ್ಣು ಮುಚ್ಚತೊಡಗಿತು.

ದಾರಿಯಲ್ಲಿ ತಿಂಡಿ ಮಾರುವ ಜಾಗ ಬಂತು. ಅಲ್ಲಿ ಯಾರೂ ಇಳಿಯುವುದಿಲ್ಲ. ನೀಲಿ ಕೋಟು ತೊಟ್ಟ ಮಾರಾಟದವರೇ ಓಡಿಬಂದು ಕಡ್ಡಿಗೆ ಚುಚ್ಚಿದ ಮಾಂಸ, ಸುಟ್ಟ ಬಾಳೆ, ಮರಗೆಣಸು, ನೀರಿನ ಬಾಟಲಿ ಎಲ್ಲವನ್ನೂ ಕಿಟಕಿಯೊಳಗೆ ತುರುಕುತ್ತಾರೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಗಾಜು ಸರಿಸುವುದು ನಮ್ಮೆಲ್ಲರ ಅಭ್ಯಾಸ. ಲಾನ್ಯೆರೊ ಮಗಳ ಮೇಲೆ ಬಾಗಿ ಗಾಜನ್ನು ಕೊನೆಯವರೆಗೂ ಸರಿಸಿದಳು.

"ಬಾಳೆ ಕೊಡಪ್ಪಾ! ಕರಿ ಆಗಿರಬಾರದು, ಮೆತ್ತಗಿರೋದು ಕೊಡು!"

ಹಣದ ಚೀಲ ಕಾಲ ಬಳಿ ಇತ್ತು. ತೆಗೆಯಲು ಬಗ್ಗಿದಳು.

ಆಗ ಬಂದ ಕೈಗೆ ನೀಲಿ ಕೋಟಿನ ತೋಳಿರಲಿಲ್ಲ. ಅದು ಟ್ಯಾಬನ್ನು ಹಿಡಿದು ಎಳೆಯಿತು. ಟ್ಯಾಬು ಕಿಟಕಿಯಾಚೆ ಹೋಯಿತು. ಅದರ ಹಿಂದೆ ಪಟ್ಟಿ, ಪಟ್ಟಿಯ ಹಿಂದೆ ಲಾಕಿಚಾಳ ತಲೆ ಮತ್ತು ಒಂದು ಭುಜ. ಮಗು ಕಿರುಚಲಿಲ್ಲ. ಕಿರುಚಲು ಉಸಿರೇ ಇರಲಿಲ್ಲ. ಬಸ್ಸು ನಿಧಾನಕ್ಕೆ ಮುಂದಕ್ಕೆ ಜರುಗತೊಡಗಿತ್ತು.

"ಡ್ರೈವರ್, ನಿಲ್ಸು! ನಿಲ್ಸಯ್ಯಾ!" ಬಸ್ಸಿಗೆ ಬಸ್ಸೇ ಕೂಗಿತು.

ಒಯೆಲ್ಲಾ ಸೀಟಿನ ಮೇಲಿಂದ ಹಾರಿಬಿದ್ದು ಮಗುವಿನ ಸೊಂಟ ತಬ್ಬಿದಳು. ಲಾನ್ಯೆರೊ ಕೈಚಾಚಿ ಸಿಕ್ಕಿದ್ದನ್ನು ಹಿಡಿದಳು. ಸಿಕ್ಕಿದ್ದು ಚೀಲದ ಅಂಚು. ಕಳ್ಳ ಆ ಕಡೆ ಎಳೆದ, ಇವಳು ಈ ಕಡೆ ಎಳೆದಳು. ನಡುವೆ ಪಟ್ಟಿ ಮಗುವಿನ ಗಲ್ಲದ ಕೆಳಗೆ ಇನ್ನಷ್ಟು ಬಿಗಿಯಿತು.

"ಬಿಡೇ! ಟ್ಯಾಬು ಬಿಡೇ ಲಾನ್ಯೆರೊ! ಮಗು ಸಾಯುತ್ತೆ, ಬಿಡು ಅದನ್ನ!"

ಅವಳು ಬಿಟ್ಟಳು. ಸಡಿಲವಾದ ಆ ಒಂದು ಕ್ಷಣದಲ್ಲಿ ಒಯೆಲ್ಲಾ ಬೆರಳು ತೂರಿಸಿ, ಕಿವಿಯ ಚರ್ಮ ತರಚಿದರೂ ಲೆಕ್ಕಿಸದೆ, ಪಟ್ಟಿಯನ್ನು ತಲೆಯ ಮೇಲಿಂದ ಕಳಚಿಹಾಕಿದಳು. ಮಗು ಒಳಗೆ ಬಂತು. ಟ್ಯಾಬು ಹೋಯಿತು. ನೀಲಿ ಕೋಟಿನವರು ಕಳ್ಳನ ಹಿಂದೆ ಓಡಿದರು, ಅವನು ಸಿಕ್ಕಲಿಲ್ಲ. ಮಾರುವ ಹೆಂಗಸೊಬ್ಬಳು ನೀರಿನ ಬಾಟಲಿ ಚಾಚಿದಳು.

"ಈಗ ಏನೂ ಕುಡಿಸ್ಬೇಡಿ" ಎಂದಳು ಒಯೆಲ್ಲಾ. ಅವಳ ಕಣ್ಣು ಮಗುವಿನ ಎದೆ ಏರಿಳಿಯುವುದರ ಮೇಲೇ ಇತ್ತು. "ಮುಂದಿನ ಪೇಟೇಲಿ ಆಸ್ಪತ್ರೆ ಮುಂದೆ ನಿಲ್ಸಪ್ಪಾ ಡ್ರೈವರ್."

"ಉಸಿರಾಡ್ತಿದ್ದಾಳಲ್ಲಕ್ಕಾ" ಎಂದಳು ಲಾನ್ಯೆರೊ. "ಅತ್ತೆ ಅಲ್ಲಿ ಕಾಯ್ತಿರ್ತಾರೆ. ಗುಲೂಗೇ ಹೋಗಿಬಿಡೋಣ."

"ಕೊರಳು ಬಿಗಿದದ್ದು ಹೊರಗೆ ಕಾಣೋ ಗೆರೆ ಮಾತ್ರ ಅಲ್ಲ ಕಣೇ. ಒಳಗೆ ಆಮೇಲೆ ಊದಿಕೊಳ್ಳುತ್ತೆ. ಈಗ ಆಡ್ತಿರೋ ಉಸಿರು ಸಂಜೆಗೆ ಕಟ್ಟಬಹುದು. ತೋರಿಸಲೇಬೇಕು."

ಪೇಟೆಯ ಆಸ್ಪತ್ರೆಯಲ್ಲಿ ವೈದ್ಯರು ಒಯೆಲ್ಲಾ ಹೇಳಿದ್ದನ್ನೇ ಹೇಳಿದರು. ನಾಳೆಯವರೆಗೆ ಇಲ್ಲೇ ಇರಲಿ, ಉಸಿರಲ್ಲಿ ಸದ್ದು ಬಂದರೆ ಕೂಡಲೇ ಕರೆಯಿರಿ ಎಂದರು. ಬಸ್ಸು ಇವರ ಗಂಟುಮೂಟೆ ಇಳಿಸಿ ಹೊರಟುಹೋಯಿತು. ಒಯೆಲ್ಲಾ ಜೊತೆಗೇ ಉಳಿದಳು.

ಲಾಕಿಚಾ ಮಂಚದ ಮೇಲೆ ಕಣ್ಣು ತೆರೆದು ಮಲಗಿದ್ದಳು. ಕೊರಳ ಸುತ್ತ ಕೆಂಪು ಬರೆ ಎದ್ದಿತ್ತು. ಕರೆದರೆ ನೋಡುತ್ತಾಳೆ, ಮಾತಿಲ್ಲ. ಒಜಾರನ ಫೋನು ಬಂತು. ಲಾನ್ಯೆರೊ ನಡೆದದ್ದನ್ನು ಹೇಳಿದಳು. ಬೈಗುಳಕ್ಕೆ ಕಾದಳು.

"ಅವಳಿಗೆ ಕೊಡು ಫೋನು" ಎಂದ ಅವನು.

"ಮಾತಾಡ್ತಿಲ್ಲ ರೀ."

"ಟ್ಯಾಬು ಹಾಳಾಗ್ಲಿ ಬಿಡು. ಅವಳ ಉಸಿರಾದ್ರೂ ಕೇಳಿಸು ನಂಗೆ."

ಲಾನ್ಯೆರೊ ಫೋನನ್ನು ಮಗಳ ಬಾಯಿಯ ಬಳಿ ಹಿಡಿದು ಕೂತಳು. ಹಾಗೆ ಕೂತಾಗಲೇ ಅವಳಿಗೆ ನೆನಪಾಯಿತು.

"ಒಯೆಲ್ಲಕ್ಕಾ... ಉಳಿದ ಚೀಲಗಳು!"

ಅವಳೇ ಹೊಲಿದು ಕೊಟ್ಟ ಪಟ್ಟಿಗಳು ವಠಾರದ ಬೇರೆ ಮಕ್ಕಳ ಕೊರಳಲ್ಲಿದ್ದವು. ಎಲ್ಲರೂ ಅದೇ ವಾರ ಹೊರಡುವವರು. ಒಬ್ಬೊಬ್ಬರಿಗೇ ಫೋನು ಮಾಡಿದಳು. ಒಬ್ಬಳು ಇನ್ನೂ ಮನೆಯಲ್ಲಿದ್ದಳು. ಇನ್ನೊಬ್ಬಳು ಬಸ್ ನಿಲ್ದಾಣದಲ್ಲೇ ಪಟ್ಟಿ ಕಿತ್ತಳು. ಅಕುಲ್ಲು ಮಾತ್ರ ಎತ್ತಲಿಲ್ಲ. ಅವಳು ಮಗ ಒದೂರನನ್ನು ಕರೆದುಕೊಂಡು ಲೀರಾ ಪಟ್ಟಣಕ್ಕೆ ಹೊರಟವಳು. ಅವಳ ಬಸ್ಸೂ ಇದೇ ದಾರಿಯಲ್ಲಿ, ಅದೇ ತಿಂಡಿಯ ಜಾಗದಲ್ಲಿ ನಿಲ್ಲಬೇಕು. ಲಾನ್ಯೆರೊ ಮತ್ತೆ ಮತ್ತೆ ಒತ್ತಿದಳು. ಸಿಗುತ್ತಿಲ್ಲ, ಸಿಗುತ್ತಿಲ್ಲ.

"ನಾನೇ ಅವನಿಗೆ ಹಾಕಿ ನೋಡಿದ್ದು ಅಕ್ಕಾ. ಅಳತೆ ಸರಿ ಇದೆಯಾ ಅಂತ ಬಿಗಿ ಮಾಡಿದ್ದೂ ನಾನೇ."

"ಅಳ್ತಾ ಕೂರ್ಬೇಡ. ಇನ್ನೊಂದ್ಸಲ ಮಾಡು."

ಕೊನೆಗೊಮ್ಮೆ ಫೋನು ಸೇರಿತು. ಬಸ್ಸಿನ ಗದ್ದಲ, ನಡುವೆ ಅಕುಲ್ಲುಳ ದನಿ.

"ಏನೇ, ಇಷ್ಟು ಸಲ! ಫೋನು ಚೀಲದಲ್ಲಿತ್ತು. ನಿನ್ನ ಪಟ್ಟಿ ಸೊಗಸಾಗಿದೆ ಕಣೇ, ಒದೂರ್ ನಿದ್ದೆ ಮಾಡಿದ್ರೂ ಟ್ಯಾಬು ಬೀಳಲಿಲ್ಲ!"

"ಬಿಚ್ಚು ಅದನ್ನ. ಈಗಲೇ ಬಿಚ್ಚು!"

"ಯಾಕೇ? ಇಗೋ ತಿಂಡಿ ಜಾಗ ಬರ್ತಿದೆ, ಇಲ್ಲೇ ತಾನೇ ಬೀಳೋ ಭಯ. ದಾಟಿದ ಮೇಲೆ ಬಿಚ್ತೀನಿ ಬಿಡು."

"ಅಲ್ಲೇ ಕಣೇ ನಮ್ಮ ಮಗೂನ..." ಲಾನ್ಯೆರೊಗೆ ಮುಂದೆ ಮಾತು ಹೊರಡಲಿಲ್ಲ.

ಆಗ ಮಂಚದಿಂದ ಒಂದು ಪುಟ್ಟ ಕೈ ಬಂದು ಫೋನು ಹಿಡಿಯಿತು. ಲಾಕಿಚಾಳ ದನಿ ಒರಟಾಗಿತ್ತು, ಮುದುಕಿಯ ದನಿಯಂತೆ.

"ಒದೂರ್, ತೆಗಿ. ಕೊರಳು ನೋಯುತ್ತೆ."

"ಇದು ಲಾಕಿಚಾನಾ? ಅಯ್ಯೋ ದೇವರೇ, ಏನಾಯ್ತೇ ಇವಳ ದನಿಗೆ?" ಎಂದ ಅಕುಲ್ಲು, ಉತ್ತರಕ್ಕೆ ಕಾಯಲಿಲ್ಲ. "ಏಳೋ ಒದೂರ್, ತಲೆ ಎತ್ತು" ಎನ್ನುವುದು ಕೇಳಿಸಿತು. ಕಿಟಕಿಯ ಗಾಜು ಎಳೆದ ಸದ್ದಾಯಿತು. "ಬಿಚ್ಚಿದೆ. ಗಾಜೂ ಹಾಕಿದೆ. ಬಿಚ್ಚಿದೆ ಕಣೇ ಲಾನ್ಯೆರೊ."

ಓದುವ ತಾಯಂದಿರೇ, ತಂದೆಯರೇ, ನೀವೂ ನಮ್ಮ ಹಾಗೇ ದಣಿದವರು ಎಂದು ಗೊತ್ತು. ದಾರಿಯಲ್ಲಿ ಮಗುವಿಗೆ ಟ್ಯಾಬು ಕೊಡಿ, ಬೇಡವೆನ್ನುವುದಿಲ್ಲ. ಆದರೆ ಅದನ್ನು ಮಗುವಿನ ಕೊರಳಿಗಾಗಲಿ ಕೈಗಾಗಲಿ ಕಟ್ಟಬೇಡಿ. ಮೆತ್ತನೆಯ ಚೀಲ ಇರಲಿ, ಪಟ್ಟಿ ಬೇಡ. ಮಗುವನ್ನು ಕಿಟಕಿಯಿಂದ ಈಚೆಗೆ ಕೂರಿಸಿ, ಕಿಟಕಿಯ ಕಡೆ ನೀವು ಕೂರಿ. ವಾಂತಿಗೆ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲವಿದ್ದರೆ ಸಾಕು. ಬಸ್ಸು ನಿಧಾನವಾಗುತ್ತಿದ್ದಂತೆ ಮೊದಲು ಟ್ಯಾಬು ಚೀಲದೊಳಗೆ, ಚೀಲ ನಿಮ್ಮ ಕಾಲ ನಡುವೆ, ಆಮೇಲೆ ಗಾಜು ಕೈ ತೂರುವಷ್ಟು ಮಾತ್ರ. ಬಾಳೆಹಣ್ಣು ಒಂದು ನಿಮಿಷ ತಡವಾಗಿ ಸಿಕ್ಕಿದರೂ ರುಚಿಯೇ. ಹಾಡು, ಚಿತ್ರ, ಕಥೆಗಳನ್ನು ಹೊರಡುವ ಮೊದಲೇ ಇಳಿಸಿಟ್ಟುಕೊಳ್ಳಿ, ಮಗುವಿನ ಫೋಟೋಗಳನ್ನು ಇನ್ನೊಂದು ಕಡೆ ಉಳಿಸಿಕೊಳ್ಳಿ, ಟ್ಯಾಬಿಗೆ ಬೀಗದ ಅಂಕಿ ಹಾಕಿ, ಬಿಸಿಲು ಬೀಳುವ ಕಡೆ ಇಡಬೇಡಿ. ನಡುನಡುವೆ ಅದನ್ನು ಮುಚ್ಚಿಟ್ಟು ಒಂದು ಒಗಟು ಕೇಳಿ. ರಂಪ ಮಾಡಿದರೆ ಮಾಡಲಿ. ಮುಂದಿನ ಸೀಟಿನವರು ಗೊಣಗಿದರೆ ಗೊಣಗಲಿ.

ಎಂದಾದರೂ ಯಾರಾದರೂ ಅದನ್ನು ಕಿತ್ತುಕೊಂಡರೆ, ಬಿಟ್ಟುಬಿಡಿ. ಎಳೆದಾಡಬೇಡಿ. ಮಗುವಿನ ಕೊರಳು ಬಿಗಿದಿದ್ದರೆ, ಆರಾಮಾಗಿ ಕಂಡರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ಯಿರಿ. ಮತ್ತೆ, ನಿಮ್ಮ ಪರಿಚಯದ ಯಾವ ಮಗುವಿನ ಕೊರಳಲ್ಲಾದರೂ ಇಂಥ ಪಟ್ಟಿ ಇದ್ದರೆ, ಈ ಹಾಳೆ ಕೆಳಗಿಟ್ಟು ಈಗಲೇ ಅವರಿಗೆ ಫೋನು ಮಾಡಿ. ಎತ್ತುವ ತನಕ ಮಾಡಿ.