ಸರಸಕ್ಕನ ದಂಡೆಗೆ ಕಾಂಡ್ಲಾ ಬಂದದ್ದು

ತಲ್ಲೂರಿನ ಹೊಳೆಬದಿಯ ಗದ್ದೆಗಳಿಗೆ ಇಬ್ಬರು ನೆಂಟರು. ಮಳೆಗಾಲದಲ್ಲಿ ಮೇಲಿನಿಂದ ಸಿಹಿನೀರು ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಕಡಲಿನಿಂದ ಉಪ್ಪುನೀರು ಬರುತ್ತದೆ. ಮೊದಲನೆಯವಳು ಅನ್ನ ಕೊಟ್ಟು ಹೋಗುತ್ತಾಳೆ. ಎರಡನೆಯವಳು ಒಮ್ಮೆ ಒಳಗೆ ಕಾಲಿಟ್ಟರೆ, ಅವಳ ಹೆಜ್ಜೆ ತೊಳೆಯಲು ಒಂದು ಮಳೆಗಾಲ ಸಾಲದು. ಇಬ್ಬರ ನಡುವೆ ಇರುವುದು ಒಂದು ಮಣ್ಣಿನ ದಂಡೆ ಮಾತ್ರ.

ಸರಸಕ್ಕನ ಗದ್ದೆ ಆ ದಂಡೆಗೆ ಅಂಟಿಕೊಂಡೇ ಇತ್ತು. ಮನೆಗೆ ವರ್ಷದ ಅಕ್ಕಿ ಬರುತ್ತಿದ್ದುದು ಅದೊಂದರಿಂದಲೇ. ಹೊಳೆ ದಂಡೆಯನ್ನು ಕಚ್ಚಿ ಕಚ್ಚಿ ತಿನ್ನುತ್ತಿತ್ತು. ಗಂಡ ಚಂದಯ್ಯ ಬೇಸಿಗೆಯಲ್ಲಿ ಮಣ್ಣು ಹೊತ್ತು ತುಂಬುತ್ತಿದ್ದ.

2005ರ ಸುಮಾರಿಗೆ, ಮಹಿಳಾ ಸಂಘದ ಕೆಲಸ ನೋಡಿಕೊಳ್ಳುವ ಅಮಿತಾ ಸಭೆಗೆ ಒಂದು ಸುದ್ದಿ ತಂದಳು. ದಂಡೆಯ ಹೊರಗಿನ ಕೆಸರಿನಲ್ಲಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡ ನೆಡಲು ಒಂದು ಬ್ಯಾಂಕು ನೆರವು ಕೊಡುತ್ತದಂತೆ. ಕಾಂಡ್ಲಾ ಗಿಡ ಬೆರಳೂರಿ ನಿಂತ ಹಾಗೆ ಬೇರೂರಿ ಮಣ್ಣು ಹಿಡಿಯುತ್ತದೆ, ಮೀನು ಸಿಗಡಿ ಮರಿ ಮಾಡಲು ಅದರ ಬುಡಕ್ಕೇ ಬರುತ್ತವೆ ಎಂದು ಅವಳು ವಿವರಿಸಿದಳು. ಹಿಂದೆ ಹೊಳೆಬದಿ ತುಂಬ ಕಾಂಡ್ಲಾ ಇತ್ತು, ಹಟ್ಟಿಗೆ ಸೊಪ್ಪು, ಬೇಲಿಗೆ ಗೂಟ ಎಂದು ಕಡಿದು ಮುಗಿಸಿದವರು ನಾವೇ ಎಂದೂ ನೆನಪಿಸಿದಳು. ಇದೇ ಬ್ಯಾಂಕು ಆಫ್ರಿಕಾದ ಕರಾವಳಿಯಲ್ಲೂ ಇಂಥ ಕೆಲಸಕ್ಕೆ ಬೆಂಬಲ ಕೊಟ್ಟಿದೆಯಂತೆ.

ಸರಸಕ್ಕನಿಗೆ ನಂಬಿಕೆ ಹುಟ್ಟಲಿಲ್ಲ. ಹಿಂದೊಮ್ಮೆ ಸಿಗಡಿ ಕೆರೆ ಮಾಡುವವರು ಹೀಗೇ ಸಕ್ಕರೆ ಮಾತಾಡುತ್ತ ಬಂದು, ನೆರೆಯ ಗದ್ದೆಗಳನ್ನು ಉಪ್ಪು ಮಾಡಿ ಹೋಗಿದ್ದರು. ಅದಕ್ಕಿಂತ ದೊಡ್ಡ ಅನುಮಾನವೂ ಒಂದಿತ್ತು. ಮನೆಯ ಹಿಂದಿನ ಸರ್ಕಾರಿ ಕುಮ್ಕಿ ಜಾಗದಲ್ಲಿ ಗೇರು ನೆಟ್ಟು, ಮೆಲ್ಲಗೆ ಅದನ್ನು ತಮ್ಮದು ಮಾಡಿಕೊಳ್ಳುವುದು ಈ ಕಡೆಯ ರೂಢಿ.

“ಅಲ್ಲ ಅಮಿತಾ, ಕುಮ್ಕಿಯಗೆ ನಾವ್ ಗೇರ್ ನೆಟ್ಟದ್ದ್ ಎಂತಕೆ, ನೆರಳಿಗಾ?” ಎಂದಳು ಸರಸಕ್ಕ. “ಗಿಡ ಯಾರದ್ದೋ ಜಾಗ ಅವ್ರದ್ದ್. ಇವತ್ತ್ ಗಿಡ ಕೊಡ್ತ್ರ್, ನಾಳೆ ಬೇಲಿ ಹಾಕ್ತ್ರ್. ಆಫ್ರಿಕಾಕ್ ಹೋಯಿ ಕಂಡ್ಕಂಡ್ ಬಂದವ್ರ್ ಯಾರಿದ್ರ್ ಇಲ್ಲಿ?”

ಸಭೆ ನಕ್ಕಿತು. ಗೇರು ನೆಡದ ಮನೆ ಅಲ್ಲಿ ಒಂದೂ ಇರಲಿಲ್ಲ.

ಆದರೂ ಉಳಿದವರು ನೆಟ್ಟರು. ಕಾಂಡ್ಲಾದ ನುಗ್ಗೆಕಾಯಿಯಂಥ ಉದ್ದ ಬೀಜದ ಕೋಡುಗಳನ್ನು ಕೆಸರಿಗೆ ಚುಚ್ಚುತ್ತ ಹೋದರು. ತನ್ನ ಗದ್ದೆಯ ಎದುರು ಬಂದಾಗ ಸರಸಕ್ಕ ಕೋಲು ಹಿಡಿದು ದಂಡೆಯ ಮೇಲೆ ನಿಂತಳು. ಅವರು ಅಷ್ಟು ಜಾಗ ಬೋಳು ಬಿಟ್ಟು ಮುಂದೆ ಹೋದರು.

ವರ್ಷಗಳು ಕಳೆದವು. ಬೇಲಿ ಹಾಕಲು ಯಾರೂ ಬರಲಿಲ್ಲ. ಗಿಡ ದೊಡ್ಡದಾಗಲಿ ಎಂದು ಕಾಯುತ್ತಿದ್ದಾರೆ ಎಂದಳು ಸರಸಕ್ಕ. ಗಿಡ ಆಳೆತ್ತರ ಬೆಳೆಯಿತು. ಆಗಲೂ ಅವಳು ಅದನ್ನೇ ಹೇಳಿದಳು.

ಒಂದು ಆಸಾಡಿಯ ಅಮಾವಾಸ್ಯೆಗೆ ಮೇಲಿನ ನೆರೆಯೂ ಕಡಲಿನ ಉಬ್ಬರವೂ ಒಟ್ಟಿಗೆ ಬಂದವು. ಕಾಂಡ್ಲಾ ಇದ್ದಲ್ಲಿ ಅಲೆಗಳು ಬೇರಿಗೆ ಬಡಿದು ಸುಸ್ತಾದವು. ಬೋಳು ಜಾಗದಲ್ಲಿ ದಂಡೆ ಒಡೆಯಿತು. ಸರಸಕ್ಕನ ನಾಟಿಯೆಲ್ಲ ಬೆಂದಂತೆ ಕೆಂಪಾಯಿತು. ಪಕ್ಕದ ಬಚ್ಚನ ಗದ್ದೆಗೂ ಉಪ್ಪು ನುಗ್ಗಿತು.

“ಹ್ವಾಯ್ ಸರಸಕ್ಕ, ಬ್ಯಾಂಕಿನೋರ್ ಬರ್ಲಿಲ್ಲೆ ಕಾಣಿ,” ಎಂದ ಬಚ್ಚ. “ಹೊಳೆಗ್ ಮಾತ್ರ ನೀವ್ ತೆಗ್ದಿಟ್ಟ್ ಬಾಗ್ಲ್ ಸಿಕ್ತ್.”

ಸರಸಕ್ಕನಿಗೆ ತನ್ನ ಅನ್ನ ಹೋದದ್ದಕ್ಕಿಂತ ಬಚ್ಚನ ಅನ್ನ ಹೋದದ್ದು ಹೆಚ್ಚು ಚುಚ್ಚಿತು.

ಆ ಹೊತ್ತಿಗೆ ಮೈದುನ ರಾಜೀವ ಊರಿಗೆ ಬಂದ. ಕುಂದಾಪುರದ ಗೇರುಬೀಜ ಕಾರ್ಖಾನೆಗೆ ಬೀಜ ಕೊಳ್ಳಲು ಅವನು ಆಫ್ರಿಕಾದ ಮೊಜಾಂಬಿಕ್‌ಗೆ ಹೋಗಿಬರುತ್ತಿದ್ದ. ಒಡೆದ ದಂಡೆ ನೋಡಿದವನು ಅಲ್ಲಿನ ಒಂದು ಅಳಿವೆಬದಿಯ ಊರಿನ ಕಥೆ ಹೇಳಿದ. ಅಲ್ಲಿಯೂ ಸೌದೆಗೆಂದು ಕಾಂಡ್ಲಾ ಕಡಿದಿದ್ದರು, ಕಡಲು ತೆಂಗಿನ ಬುಡದವರೆಗೆ ಬಂದಿತ್ತು. ಅಲ್ಲಿಯೂ ಒಂದು ಬ್ಯಾಂಕು ನೆರವು ಕೊಟ್ಟಿತು. ಮೊದಲ ಸಲ ನೀರಿನ ಸೆಳೆತ ಇರುವಲ್ಲಿ ನೆಟ್ಟು ಗಿಡವೆಲ್ಲ ಕೊಚ್ಚಿಹೋಗಿ, ಮತ್ತೆ ಬೇರೆ ಕಡೆ ನೆಟ್ಟರಂತೆ.

“ಅಲ್ಲಿ ಹೆಂಗಸ್ರಿಗೂ ನಿಮ್ಮಷ್ಟೇ ಅನುಮಾನ ಇದ್ದಿತ್ ಅತ್ತಿಗೆ,” ಎಂದ ರಾಜೀವ. “ಜಾಗ ಹೋಟ್ಲಿನೋರಿಗ್ ಹೋತ್ತ್ ಅಂತ. ಅವ್ರ್ ಬ್ಯಾಂಕಿನೋರನ್ನ ಮರಳ್ ಮೇಲ್ ಕೂರ್ಸಿ, ಊರ್ ಎದ್ರಿಗೇ ಕೇಂಡ್ರ್. ನೀವ್ ಕೇಂಡಿದ್ರ್ಯಾ?”

ಸರಸಕ್ಕ ಕೇಳಿರಲಿಲ್ಲ. ಬ್ಯಾಂಕಿನವರನ್ನು ಬೈದಿದ್ದಳು, ಅಷ್ಟೇ.

ಅವಳು ಹೇಳಿಕಳಿಸಿದ್ದಕ್ಕೆ ಮರುವಾರ ಅಮಿತಾ ಬ್ಯಾಂಕಿನ ಸುಧಾಕರನನ್ನು ಕರೆತಂದಳು. ಪ್ಯಾಂಟು ಮಡಚಿ ದಂಡೆಗೆ ಬಂದ ಅವನನ್ನು ಸರಸಕ್ಕ ಎಲ್ಲರೆದುರು ಒಂದೊಂದೇ ಕೇಳಿದಳು. ಹೊಳೆಬದಿ ಸರ್ಕಾರದ್ದು, ಗಿಡ ನೆಟ್ಟ ಮಾತ್ರಕ್ಕೆ ಬ್ಯಾಂಕಿನದಾಗದು, ನಿಮ್ಮದೂ ಆಗದು ಎಂದ ಅವನು. ಕಾಂಡ್ಲಾ ಕಡಿಯಲು ಬ್ಯಾಂಕಿಗೂ ಅಧಿಕಾರವಿಲ್ಲ. ಮೀನು ಹಿಡಿಯುವುದಕ್ಕೆ ಬ್ಯಾಂಕಿನ ಅಡ್ಡಿಯಿಲ್ಲ. ಇದನ್ನೆಲ್ಲ ಪಂಚಾಯತಿಗೆ ಬರೆದು ಕೊಡುತ್ತೇವೆ ಎಂದ. ಸರಸಕ್ಕ ಅಷ್ಟಕ್ಕೇ ಬಿಡಲಿಲ್ಲ.

“ಹಾಂಗಾರೆ ನಿಮ್ಗ್ ಎಂತ ಲಾಭ?”

ಸುಧಾಕರ ಮುಚ್ಚಿಡಲಿಲ್ಲ. “ಹೆಸ್ರ್ ಬತ್ತ್ ಸರಸಕ್ಕ. ಬೋರ್ಡ್ ಹಾಕ್ತ್ರ್, ಫೋಟೋ ತೆಗಿತ್ರ್. ನಿಮ್ಮ್ ಗದ್ದೆ ಉಳ್ದ್ರೆ, ನೀವ್ ನಮ್ಮ್ ಬ್ಯಾಂಕಿಗೇ ಬಪ್ಪುದ್ ಅಂಬ ಆಸೆಯೂ ಇತ್ತ್.”

“ಲಾಭ ಇಲ್ಲೆ ಅಂದಿದ್ರೆ ಇಲ್ಲಿಂದ್ಲೇ ಕಳ್ಸ್ತಿದ್ದೆ,” ಎಂದಳು ಸರಸಕ್ಕ. “ಗಿಡ ತನ್ನಿ. ಬೋರ್ಡ್ ಮಾತ್ರ ಆಚೆ ಹಾಕಿ.”

ಚಂದಯ್ಯ ದಂಡೆ ಕಟ್ಟಿದ. ಸರಸಕ್ಕ ಕೋಡು ಚುಚ್ಚಿದಳು. ಬಚ್ಚನೂ ಬೈಯುತ್ತಲೇ ಬಂದು ಕೆಸರಿಗಿಳಿದ. ಉಪ್ಪು ತೊಳೆದುಹೋಗಲು ಕಾಯಬೇಕಾಯಿತು. ಅಷ್ಟು ದಿನ ಎರಡೂ ಮನೆಯವರು ಅಂಗಡಿಯ ಅಕ್ಕಿ ಉಂಡರು.

ಹೊಳೆಬದಿಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಾಂಡ್ಲಾ ಎಲ್ಲ ನೆರೆಯನ್ನೂ ತಡೆಯುತ್ತದೆಂದು ನಾವು ಹೇಳುವುದಿಲ್ಲ. ಆದರೆ ಅದಿಲ್ಲದ ದಂಡೆ ಒಂಟಿ. ನೆರವು ಹಿಡಿದು ಯಾರೇ ಬರಲಿ, ಅನುಮಾನಪಡಿ, ತಪ್ಪಿಲ್ಲ. ಆ ಅನುಮಾನವನ್ನು ಮನೆಯೊಳಗೆ ಸಾಕಬೇಡಿ. ಜಾಗ ಯಾರದು, ಗಿಡ ನೋಡಿಕೊಳ್ಳುವವರು ಯಾರು, ನಿಮಗೇನು ಲಾಭ ಎಂದು ನಾಲ್ಕು ಜನರೆದುರು ಕೇಳಿ, ಪಂಚಾಯತಿಯಲ್ಲೂ ವಿಚಾರಿಸಿ. ಉತ್ತರ ಸರಿಯಿದ್ದರೆ ಸೆರಗು ಸಿಕ್ಕಿಸಿ ಕೆಸರಿಗಿಳಿಯಿರಿ. ನೀವು ಯೋಚಿಸುತ್ತ ಕೂತರೆ ಹೊಳೆ ಕೂರುವುದಿಲ್ಲ.